ಊಟದ ಮೇಜಿನ ಮೇಲೆ ಸಿಕ್ಕ ಅದಲುಬದಲು

1972. ಶಿಕಾಗೋದ ಒಂದು ಮನೆಯ ಊಟದ ಮೇಜು. ಅದರ ಮೇಲೆ ತಟ್ಟೆಯಿಲ್ಲ, ಲೋಟವಿಲ್ಲ. ತುಂಬ ಪುಟ್ಟಪುಟ್ಟ ಕಾಗದದ ಚೂರುಗಳು. ಯಾರೂ ಸೀನಬಾರದೆಂದು ಮಕ್ಕಳಿಗೆ ಅಪ್ಪಣೆಯಾಗಿದೆ! ನಾಲ್ಕು ಗಂಡುಮಕ್ಕಳ ತಾಯಿ ಡಾಕ್ಟರ್ ಜಾನೆಟ್ ರೌಲಿ, ರಕ್ತ ಕ್ಯಾನ್ಸರ್ ರೋಗಿಗಳ ವರ್ಣತಂತುಗಳ ಫೋಟೊಗಳನ್ನು ಕತ್ತರಿಸಿ ಜೋಡಿ ಜೋಡಿಯಾಗಿ ಇಡುತ್ತಿದ್ದಾರೆ. ಕಾಗದದ ಗೊಂಬೆಯಾಟಕ್ಕೆ ಅಮ್ಮನಿಗೆ ಸಂಬಳ ಎಂದು ಮಕ್ಕಳು ರೇಗಿಸುತ್ತಿದ್ದರಂತೆ. ಕ್ಯಾನ್ಸರ್ ಬಗ್ಗೆ ಜಗತ್ತು ನಂಬಿದ್ದೊಂದು ಆ ಆಟದಲ್ಲಿ ತಲೆಕೆಳಗಾಯಿತು!

ಈಕೆ ಡಾಕ್ಟರಾದದ್ದು 1948ರಲ್ಲಿ. ಅದೂ ಒಂಬತ್ತು ತಿಂಗಳು ಕಾದು, ಯಾಕೆಂದರೆ ಶಿಕಾಗೋ ವಿಶ್ವವಿದ್ಯಾಲಯದ ವೈದ್ಯಕೀಯ ತರಗತಿಯ 65 ಸೀಟುಗಳಲ್ಲಿ ಹೆಣ್ಣುಮಕ್ಕಳಿಗೆ ಇದ್ದದ್ದು ಮೂರೇ, ಅವು ಆಗಲೇ ಭರ್ತಿಯಾಗಿದ್ದವು. ಆಗಿನ ಪುಸ್ತಕಗಳಲ್ಲಿ ಮನುಷ್ಯನ ವರ್ಣತಂತುಗಳ ಸಂಖ್ಯೆ 48! ಅದು 46 ಎಂದು ಲೆಕ್ಕ ಸರಿಹೋದದ್ದು 1956ರಲ್ಲಿ. ಮೂರು ವರ್ಷ ಕಳೆಯುವಷ್ಟರಲ್ಲಿ, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 21ನೇ ವರ್ಣತಂತು ಒಂದು ಹೆಚ್ಚಿಗೆ ಇರುತ್ತದೆಂದು ಗೊತ್ತಾಯಿತು. ಮಕ್ಕಳನ್ನು ಸಾಕುತ್ತ ವಾರದಲ್ಲಿ ಕೆಲವು ದಿನ ಮಾತ್ರ ದುಡಿಯುತ್ತಿದ್ದ ರೌಲಿ ಆಗ ನೋಡಿಕೊಳ್ಳುತ್ತಿದ್ದದ್ದು ಅಂಥ ಮಕ್ಕಳನ್ನೇ.

ಗಂಡ ಡೊನಾಲ್ಡ್ ಅವರ ಅಧ್ಯಯನ ರಜೆಯ ನೆಪದಲ್ಲಿ ಆಕ್ಸ್‌ಫರ್ಡಿಗೆ ಹೋದವರು ವರ್ಣತಂತುಗಳ ವಿದ್ಯೆ ಕಲಿತು ಬಂದರು. 1970ರಲ್ಲಿ ಮತ್ತೊಂದು ರಜೆ, ಮತ್ತೆ ಆಕ್ಸ್‌ಫರ್ಡ್, ಈ ಸಲ ಹೊಸ ವಿದ್ಯೆ. (ವಿಜ್ಞಾನದ ಚರಿತ್ರೆಯಲ್ಲಿ ಗಂಡನ ರಜೆಗೂ ಒಂದು ಪುಟ ಮೀಸಲಿಡಬೇಕು!) ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನಾಕ್ರಿನ್ ಸವರಿ ವಿಶೇಷ ಬೆಳಕಿನಲ್ಲಿ ನೋಡಿದರೆ, ಒಂದೇ ಥರ ಕಾಣುತ್ತಿದ್ದ ವರ್ಣತಂತುಗಳ ಮೈಮೇಲೆ ಹೊಳೆಯುವ ಪಟ್ಟೆಗಳು! ಪ್ರತಿಯೊಂದಕ್ಕೂ ಅದರದೇ ಗುರುತು!

ಪಟ್ಟೆಗಳನ್ನು ಹೊಂದಿಸುತ್ತ ಕೂತ ರೌಲಿಗೆ ಮೊದಲು ಒಂದು ಬಗೆಯ ತೀವ್ರ ಲ್ಯುಕೇಮಿಯದಲ್ಲಿ (ಅಂದರೆ ರಕ್ತ ಕ್ಯಾನ್ಸರಿನಲ್ಲಿ) 8 ಮತ್ತು 21ನೇ ವರ್ಣತಂತುಗಳು ತುಣುಕು ಬದಲಿಸಿಕೊಂಡದ್ದು ಕಂಡಿತು. ಆಮೇಲೆ ಬಂತು ನೋಡಿ, 'ಫಿಲಡೆಲ್ಫಿಯಾ ವರ್ಣತಂತು'! ದೀರ್ಘಕಾಲಿಕ ಮಜ್ಜೆಯ ಲ್ಯುಕೇಮಿಯ ಇರುವವರಲ್ಲಿ ಕಾಣುವ ಈ ಗಿಡ್ಡ ವರ್ಣತಂತುವನ್ನು 1960ರಲ್ಲೇ ಪೀಟರ್ ನೋವೆಲ್, ಡೇವಿಡ್ ಹಂಗರ್‌ಫರ್ಡ್ ಗುರುತಿಸಿದ್ದರು. ಅದರ ಚೂರೊಂದು ಕಳೆದುಹೋಗಿದೆ ಎಂದೇ ಎಲ್ಲರ ಎಣಿಕೆ. ರೌಲಿಯವರ ಕಣ್ಣು ಬೇರೆ ಕಡೆ ಹೋಯಿತು: 9ನೇ ವರ್ಣತಂತು ಯಾಕಿಷ್ಟು ಉದ್ದ? 22ರಲ್ಲಿ ಕಾಣೆಯಾದ ಚೂರು 9ರ ತುದಿಗೆ ಅಂಟಿಕೊಂಡಿತ್ತು! ಎರಡು ರೈಲುಗಳು ಹಿಂದಿನ ಬೋಗಿಗಳನ್ನು ಅದಲುಬದಲು ಮಾಡಿಕೊಂಡ ಹಾಗೆ. 1973ರಲ್ಲಿ 'ನೇಚರ್' ಪತ್ರಿಕೆ ಇದನ್ನು ಅಚ್ಚು ಹಾಕಿತು.

ಅಲ್ಲಿಯ ತನಕ ಬಹುತೇಕ ಪಂಡಿತರ ಮಟ್ಟಿಗೆ ವರ್ಣತಂತುಗಳ ಗೊಂದಲ ಕ್ಯಾನ್ಸರಿನ ಪರಿಣಾಮವೇ ಹೊರತು ಕಾರಣವಲ್ಲ. ಆದರೆ ಗೊಂದಲಕ್ಕೆ ಇಷ್ಟು ಶಿಸ್ತು ಎಲ್ಲಿಂದ? ರೋಗಿ ಬದಲಾದರೂ ಮುರಿಯುವುದು ಅವೇ ಎರಡು, ಅಂಟಿಕೊಳ್ಳುವುದೂ ಅಲ್ಲೇ!

ಮುಂದೆ ಬೇರೆಯವರು ಆ ಬೆಸುಗೆಯನ್ನು ಬಿಡಿಸಿ ನೋಡಿದರು. 9ರ ಎಬಿಎಲ್ ವಂಶವಾಹಿ ಬಂದು 22ರ ಬಿಸಿಆರ್ ಜೊತೆ ಕೂಡಿದೆ; ಆ ಜೋಡಿಯಿಂದ ಹುಟ್ಟುವ ಪ್ರೋಟೀನು 'ಬೆಳೆ, ಬೆಳೆ' ಎಂದು ರಕ್ತಕಣಗಳಿಗೆ ಬಿಡುವಿಲ್ಲದೆ ಆಜ್ಞೆ ಕೊಡುತ್ತದೆ. ಅದೊಂದರ ಬಾಯಿ ಕಟ್ಟುವ ಮಾತ್ರೆಯೇ ಇಮಾಟಿನಿಬ್. ಬ್ರಯಾನ್ ಡ್ರೂಕರ್ ತಂಡದ ಮೊದಲ ಪ್ರಯೋಗದಲ್ಲಿ, ಸಾಕಷ್ಟು ಪ್ರಮಾಣದ ಮಾತ್ರೆ ತೆಗೆದುಕೊಂಡ 54 ರೋಗಿಗಳ ಪೈಕಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜಕ್ಕೆ ಮರಳಿತು. ಐವತ್ತಮೂರು! 2001ರಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. 2013ರಲ್ಲಿ ನಮ್ಮ ಸುಪ್ರೀಂ ಕೋರ್ಟು ಪೇಟೆಂಟ್ ನಿರಾಕರಿಸಿ ಸುದ್ದಿಯಾಯಿತಲ್ಲ, ಆ ಗ್ಲಿವೆಕ್ ಇದೇ. ರೌಲಿ ತೀರಿಕೊಂಡದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ.

ನನ್ನನ್ನು ಇನ್ನೂ ಹೆಚ್ಚು ಬೆರಗುಗೊಳಿಸುವುದು ಅವರ 1977ರ ಶೋಧ. ಇನ್ನೊಂದು ಬಗೆಯ ತೀವ್ರ ಲ್ಯುಕೇಮಿಯದಲ್ಲಿ 15 ಮತ್ತು 17ನೇ ವರ್ಣತಂತುಗಳ ಅದಲುಬದಲನ್ನು ಅವರು ತೋರಿಸಿದರು. 1980ರ ದಶಕದಲ್ಲಿ ಶಾಂಘೈನ ವಾಂಗ್ ಝೆನ್ಯಿ, 'ಎ' ಜೀವಸತ್ವದ ಬಳಗದ ರೆಟಿನೋಯಿಕ್ ಆಮ್ಲವನ್ನು ಇದೇ ರೋಗಕ್ಕೆ ಕೊಟ್ಟರು. ರೋಗಿಗಳು ಚೇತರಿಸಿಕೊಂಡರು! ಯಾಕೆ? 1990ರ ಸುಮಾರಿಗೆ 17ರಲ್ಲಿ ಮುರಿದ ಜಾಗವನ್ನು ಓದಿದಾಗ ಅಲ್ಲಿದ್ದದ್ದು ರೆಟಿನೋಯಿಕ್ ಆಮ್ಲವನ್ನು ಹಿಡಿದುಕೊಳ್ಳುವ ಪ್ರೋಟೀನಿನ ವಂಶವಾಹಿ! ಈ ಮದ್ದು ಕ್ಯಾನ್ಸರ್ ಕಣಗಳನ್ನು ವಿಷ ಹಾಕಿ ಕೊಲ್ಲುವುದಿಲ್ಲ. ಬಲಿಯದೆ ಅರ್ಧದಲ್ಲೇ ನಿಂತ ಬಿಳಿ ರಕ್ತಕಣಗಳನ್ನು ಬಲಿಯುವಂತೆ ಮಾಡುತ್ತದೆ, ಬಲಿತ ಮೇಲೆ ಅವು ತಮ್ಮ ಆಯಸ್ಸು ಮುಗಿಸಿ ತಾವೇ ಸಾಯುತ್ತವೆ.