ದಾಖಲೆಗಾಗಿ ಜ್ಞಾಪನ (ಅಮೆರಿಕದ ಸೇನೆ)

ದಾಖಲೆಗಾಗಿ ಜ್ಞಾಪನ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಸೇನಾ ಕಚೇರಿಗಳಲ್ಲಿ ಒಂದು ಘಟನೆ, ಮಾತುಕತೆ, ನಿರ್ಣಯ ಅಥವಾ ಆಡಳಿತಾತ್ಮಕ ಲೋಪವನ್ನು ಕಡತದಲ್ಲಿ ಉಳಿಸಲು ಬರೆಯುವ ಅಧಿಕೃತ ಪತ್ರ. ಇಂಗ್ಲಿಷಿನಲ್ಲಿ ಇದಕ್ಕೆ 'ಮೆಮೊರಾಂಡಮ್ ಫಾರ್ ರೆಕಾರ್ಡ್' ಎಂಬ ಹೆಸರಿದೆ. ಸಾಮಾನ್ಯ ಜ್ಞಾಪನವು ಒಬ್ಬ ಅಧಿಕಾರಿಯನ್ನೋ ಕಚೇರಿಯನ್ನೋ ಉದ್ದೇಶಿಸಿರುತ್ತದೆ. ಇದು ಕಡತವನ್ನೇ ಉದ್ದೇಶಿಸಿರುತ್ತದೆ. ಭೂಸೇನೆಯಲ್ಲಿ ಇದರ ರಚನೆಯನ್ನು ಪತ್ರವ್ಯವಹಾರಕ್ಕೆ ಸಂಬಂಧಿಸಿದ ಭೂಸೇನಾ ನಿಯಮಾವಳಿ 25-50 ನಿರ್ಧರಿಸುತ್ತದೆ.

ಬಳಕೆಯ ಸಂದರ್ಭಗಳು

ಕೈಗೊಂಡ ಕ್ರಮಕ್ಕೆ ಇದ್ದ ಅಧಿಕಾರ ಅಥವಾ ಆಧಾರವನ್ನು ತೋರಿಸಲು, ಹಾಗೂ ಅಧಿಕೃತ ವಿಷಯಗಳು ಚರ್ಚೆಯಾದ ಅನೌಪಚಾರಿಕ ಸಭೆ ಅಥವಾ ದೂರವಾಣಿ ಸಂಭಾಷಣೆಯನ್ನು ದಾಖಲಿಸಲು ಈ ಜ್ಞಾಪನವನ್ನು ಬಳಸಲಾಗುತ್ತದೆ. ವೇತನ ತಡವಾಗುವುದು, ಭತ್ಯೆ ತಪ್ಪಿಹೋಗುವುದು, ಸಲ್ಲಿಸಿದ ಅರ್ಜಿ ಕಾಣೆಯಾಗುವುದು, ಉಪಕರಣಗಳ ಲೆಕ್ಕ ತಾಳೆಯಾಗದಿರುವುದು ಮೊದಲಾದ ಸಮಸ್ಯೆಗಳಲ್ಲಿಯೂ ಇದು ಉಪಯುಕ್ತ. ಸೇನೆಯಲ್ಲಿ ಸಿಬ್ಬಂದಿ ಆಗಾಗ್ಗೆ ವರ್ಗಾವಣೆಯಾಗುತ್ತಾರೆ. ಮಾತಿನಲ್ಲಿ ಭರವಸೆ ಕೊಟ್ಟ ಅಧಿಕಾರಿ ಮರುವರ್ಷ ಅದೇ ಸ್ಥಾನದಲ್ಲಿ ಇರದಿರಬಹುದು. ಬರಹ ಮಾತ್ರ ಕಡತದಲ್ಲಿ ಉಳಿಯುತ್ತದೆ.

ಇಂತಹ ಲೋಪಗಳು ವಿರಳವಲ್ಲ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯು 2003ರಲ್ಲಿ ಆರ್ಮಿ ನ್ಯಾಷನಲ್ ಗಾರ್ಡ್‌ನ ಆರು ಘಟಕಗಳನ್ನು ಪರಿಶೀಲಿಸಿದಾಗ, 481 ಯೋಧರಲ್ಲಿ 450 ಮಂದಿಗೆ ಸಕ್ರಿಯ ಸೇವೆಗೆ ಕರೆಸಿಕೊಂಡ ಅವಧಿಗೆ ಸಂಬಂಧಿಸಿ ಕನಿಷ್ಠ ಒಂದಾದರೂ ವೇತನ ಸಮಸ್ಯೆ ಇದ್ದುದು ಕಂಡುಬಂದಿತು.

ರೂಪ

ಜ್ಞಾಪನವನ್ನು ಕಚೇರಿಯ ಶಿರೋನಾಮೆಯಿರುವ ಹಾಳೆಯಲ್ಲಿ ಸಿದ್ಧಪಡಿಸಲಾಗುತ್ತದೆ. ಅದರ ಮುಖ್ಯ ಭಾಗಗಳು ಹೀಗಿವೆ:

- ಕಚೇರಿ ಸಂಕೇತ ಮತ್ತು ದಿನಾಂಕ: ಸಂಕೇತ ಎಡಭಾಗದಲ್ಲಿ, ದಿನಾಂಕ ಅದೇ ಸಾಲಿನ ಬಲಭಾಗದಲ್ಲಿ ಇರುತ್ತದೆ. ದಿನಾಂಕವನ್ನು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆಯಲಾಗುತ್ತದೆ.
- ಉದ್ದೇಶಿತ ಸಾಲು: ವಿಳಾಸದಾರರ ಹೆಸರಿನ ಬದಲು 'ದಾಖಲೆಗಾಗಿ ಜ್ಞಾಪನ' ಎಂದಿರುತ್ತದೆ.
- ವಿಷಯ: ಪತ್ರದ ತಿರುಳನ್ನು ಸೂಚಿಸುವ ಚಿಕ್ಕ ಸಾಲು.
- ಒಡಲು: ಒಂದಕ್ಕಿಂತ ಹೆಚ್ಚು ಕಂಡಿಕೆಗಳಿದ್ದರೆ ಕ್ರಮಸಂಖ್ಯೆ ಕೊಡಲಾಗುತ್ತದೆ. ಸಂಪರ್ಕಿಸಬೇಕಾದ ವ್ಯಕ್ತಿಯ ವಿವರವು ಸಾಮಾನ್ಯವಾಗಿ ಕೊನೆಯ ಕಂಡಿಕೆಯಲ್ಲಿರುತ್ತದೆ.
- ಸಹಿ: ಒಡಲಿನ ಕೊನೆಯ ಸಾಲಿನಿಂದ ಐದನೆಯ ಸಾಲಿನಲ್ಲಿ ಹೆಸರು, ದರ್ಜೆ ಮತ್ತು ಹುದ್ದೆ ಬರುತ್ತವೆ.
- ಅಡಕಗಳು: ಅರ್ಜಿಯ ಪ್ರತಿ, ವೇತನ ಚೀಟಿ, ಮಿಂಚಂಚೆಯ ಮುದ್ರಿತ ಪ್ರತಿ ಮುಂತಾದವು.

ಅಂಚು ಒಂದು ಅಂಗುಲ ಇರಬೇಕು. ಅಕ್ಷರಗಳಿಗೆ 12 ಅಳತೆಯ ಏರಿಯಲ್ ಶೈಲಿಗೆ ಆದ್ಯತೆ ಇದೆ.

ಬರವಣಿಗೆಯ ಕ್ರಮ

ಸೇನಾ ಬರವಣಿಗೆಯಲ್ಲಿ ಮುಖ್ಯಾಂಶವು ಮೊದಲು ಬರಬೇಕು ಎಂಬುದು ನಿಯಮ. ಕರ್ತರಿ ಪ್ರಯೋಗ, ಚಿಕ್ಕ ವಾಕ್ಯ ಮತ್ತು ಪರಿಚಿತ ಪದಗಳನ್ನು ನಿಯಮಾವಳಿ ಶಿಫಾರಸು ಮಾಡುತ್ತದೆ. ಲೋಪವನ್ನು ದಾಖಲಿಸುವಾಗ ಯಾರು, ಏನು, ಯಾವಾಗ, ಎಲ್ಲಿ ಎಂಬ ಸಂಗತಿಗಳನ್ನು ಕಾಲಾನುಕ್ರಮದಲ್ಲಿ ನೀಡಿ, ಅನ್ವಯವಾಗುವ ನಿಯಮವನ್ನೂ ಅದುವರೆಗೆ ಮಾಡಿದ ಪ್ರಯತ್ನಗಳನ್ನೂ ಉಲ್ಲೇಖಿಸುವುದು ಉಪಯುಕ್ತ.

ಉದಾಹರಣೆಗೆ, 'ವೇತನ ವಿಭಾಗದವರು ಎಂದಿನಂತೆ ನನ್ನನ್ನು ನಿರ್ಲಕ್ಷಿಸಿದರು' ಎಂಬ ವಾಕ್ಯವು ಬರೆದವನ ಅಸಮಾಧಾನವನ್ನಷ್ಟೇ ತಿಳಿಸುತ್ತದೆ. 'ಮಾರ್ಚ್ 3ರಂದು ವಸತಿ ಭತ್ಯೆಯ ಅರ್ಜಿ ಸಲ್ಲಿಸಿದೆನು. ಮಾರ್ಚ್ 17ರಂದು ದೂರವಾಣಿಯಲ್ಲಿ ವಿಚಾರಿಸಿದಾಗ, ಅರ್ಜಿ ಬಂದಿಲ್ಲವೆಂದು ಗುಮಾಸ್ತರು ಹೇಳಿದರು. ಸ್ವೀಕೃತಿಯ ಪ್ರತಿಯನ್ನು ಅಡಕವಾಗಿ ಇರಿಸಿದೆ' ಎಂದು ಬರೆದರೆ ಅದರ ಪ್ರತಿಯೊಂದು ಅಂಶವನ್ನೂ ಮೂರನೆಯವರು ಪರಿಶೀಲಿಸಬಹುದು. ತಾನು ಕಂಡದ್ದು, ಇತರರಿಂದ ಕೇಳಿದ್ದು ಮತ್ತು ಊಹಿಸಿದ್ದು ಬೇರೆಬೇರೆಯಾಗಿ ತೋರಬೇಕು. ಘಟನೆ ನಡೆದ ದಿನವೇ ಅಥವಾ ಅದಕ್ಕೆ ಹತ್ತಿರದಲ್ಲಿ ಬರೆದ ಜ್ಞಾಪನಕ್ಕೆ, ತಿಂಗಳುಗಳ ನಂತರ ನೆನಪಿನಿಂದ ಬರೆದುದಕ್ಕಿಂತ ಹೆಚ್ಚಿನ ಬೆಲೆ ಇರುತ್ತದೆ. ತಡವಾಗಿ ಬರೆದಿದ್ದರೆ ಬರೆದ ದಿನಾಂಕವನ್ನೇ ನಮೂದಿಸಬೇಕು. ಹಿಂದಿನ ದಿನಾಂಕ ಹಾಕುವುದು ದಾಖಲೆಯ ವಿಶ್ವಾಸಾರ್ಹತೆಯನ್ನೇ ಕೆಡಿಸುತ್ತದೆ.

ಮಿತಿಗಳು ಮತ್ತು ಪರಿಹಾರ ಮಾರ್ಗಗಳು

ಜ್ಞಾಪನವು ಪ್ರಮಾಣೀಕೃತ ಹೇಳಿಕೆಯಲ್ಲ. ಭೂಸೇನೆಯಲ್ಲಿ ಅದಕ್ಕೆ 2823 ಸಂಖ್ಯೆಯ ಪ್ರತ್ಯೇಕ ನಮೂನೆ ಇದೆ. ಆದರೂ ಇದು ಅಧಿಕೃತ ಬರಹವಾದುದರಿಂದ, ವಂಚಿಸುವ ಉದ್ದೇಶದಿಂದ ಸುಳ್ಳೆಂದು ತಿಳಿದೇ ಬರೆದು ಸಹಿ ಮಾಡುವುದು ಏಕರೂಪ ಸೇನಾ ನ್ಯಾಯ ಸಂಹಿತೆಯ 107ನೆಯ ವಿಧಿಯಡಿ ಅಪರಾಧ.

ಜ್ಞಾಪನವನ್ನು ಕಡತಕ್ಕೆ ಸೇರಿಸಿದ ಮಾತ್ರಕ್ಕೆ ದೂರು ಸಲ್ಲಿಸಿದಂತೆ ಆಗುವುದಿಲ್ಲ. ಕಮಾಂಡಿಂಗ್ ಅಧಿಕಾರಿಯಿಂದ ಅನ್ಯಾಯವಾಗಿದೆ ಎನ್ನುವವರು ಅದೇ ಸಂಹಿತೆಯ 138ನೆಯ ವಿಧಿಯಡಿ ಪರಿಹಾರ ಕೋರಬಹುದು. ಇನ್‌ಸ್ಪೆಕ್ಟರ್ ಜನರಲ್ ಕಚೇರಿಗೂ ದೂರು ನೀಡಬಹುದು. ಸೇವಾ ದಾಖಲೆಯಲ್ಲಿನ ದೋಷಗಳಿಗೆ, 1946ರ ಕಾನೂನಿನ ಆಧಾರದಲ್ಲಿ ರೂಪುಗೊಂಡ ದಾಖಲೆ ತಿದ್ದುಪಡಿ ಮಂಡಳಿಗಳಿವೆ. ದೋಷ ಗೊತ್ತಾದ ಮೂರು ವರ್ಷಗಳೊಳಗೆ ಇವುಗಳಿಗೆ ಅರ್ಜಿ ಸಲ್ಲಿಸಬೇಕು. ನ್ಯಾಯದ ಹಿತದೃಷ್ಟಿಯಿಂದ ಮಂಡಳಿಯು ವಿಳಂಬವನ್ನು ಮನ್ನಿಸಬಹುದು. ಆಡಳಿತದ ಕ್ರಮ ಸರಿಯಾಗಿಯೇ ನಡೆದಿದೆ ಎಂಬ ಪೂರ್ವಭಾವನೆಯಿಂದ ಭೂಸೇನೆಯ ಮಂಡಳಿ ವಿಚಾರಣೆ ಆರಂಭಿಸುವುದರಿಂದ, ದೋಷವನ್ನು ಸಾಬೀತುಪಡಿಸುವ ಹೊಣೆ ಅರ್ಜಿದಾರರದು. ಸಮಕಾಲೀನ ಜ್ಞಾಪನದ ನಿಜವಾದ ಉಪಯೋಗ ಈ ಹಂತದಲ್ಲಿ ಕಾಣುತ್ತದೆ.

ಸಂರಕ್ಷಣೆ

1973ರ ಜುಲೈ 12ರಂದು ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಬಳಿಯ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದಲ್ಲಿ ಬೆಂಕಿ ಹೊತ್ತಿಕೊಂಡು, ಸುಮಾರು 1.6ರಿಂದ 1.8 ಕೋಟಿ ಸೇವಾ ಕಡತಗಳು ನಾಶವಾದವು. ಅವುಗಳ ನಕಲು ಪ್ರತಿಗಳಾಗಲಿ ಮೈಕ್ರೋಫಿಲ್ಮ್ ಆಗಲಿ ಇರಲಿಲ್ಲ. 1912ರ ನವೆಂಬರ್‌ನಿಂದ 1960ರ ಜನವರಿಯವರೆಗೆ ಸೇವೆಯಿಂದ ಬಿಡುಗಡೆಯಾದ ಭೂಸೇನಾ ಸಿಬ್ಬಂದಿಯ ಕಡತಗಳಲ್ಲಿ ಶೇಕಡಾ 80ರಷ್ಟು ಇಲ್ಲವಾದವು. ಬಳಿಕ ಸೇವಾ ವಿವರಗಳನ್ನು ಇತರ ಕಚೇರಿಗಳ ಕಾಗದಪತ್ರಗಳಿಂದ ಮತ್ತೆ ಜೋಡಿಸಬೇಕಾಯಿತು. ಕಚೇರಿಯ ಕಡತದ ಜೊತೆಗೆ, ನಿಯಮಗಳು ಅನುಮತಿಸುವಷ್ಟರ ಮಟ್ಟಿಗೆ, ಸಂಬಂಧಪಟ್ಟವರ ಬಳಿಯೂ ಪ್ರತಿ ಇರಬೇಕೆನ್ನುವುದಕ್ಕೆ ಈ ಅವಘಡ ನಿದರ್ಶನ.

ನೈಜತೆಯ ಪ್ರಶ್ನೆ

2004ರ ಸೆಪ್ಟೆಂಬರ್ 8ರಂದು ಸಿಬಿಎಸ್ ವಾಹಿನಿಯು ಆಗಿನ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರ ಟೆಕ್ಸಾಸ್ ಏರ್ ನ್ಯಾಷನಲ್ ಗಾರ್ಡ್ ಸೇವೆಯ ಬಗ್ಗೆ ಕೆಲವು ಜ್ಞಾಪನಗಳನ್ನು ಪ್ರಸಾರ ಮಾಡಿತು. 1984ರಲ್ಲಿ ನಿಧನರಾಗಿದ್ದ ಲೆಫ್ಟಿನೆಂಟ್ ಕರ್ನಲ್ ಜೆರ್ರಿ ಕಿಲಿಯನ್ 1970ರ ದಶಕದ ಆರಂಭದಲ್ಲಿ ಅವುಗಳನ್ನು ಬರೆದರೆಂದು ಹೇಳಲಾಗಿತ್ತು. ಅಕ್ಷರಗಳ ಶೈಲಿ ಮತ್ತು ಅಂತರವು ಆ ಕಾಲದ ಬೆರಳಚ್ಚು ಯಂತ್ರಕ್ಕಿಂತ ಕಂಪ್ಯೂಟರಿನ ಮುದ್ರಣವನ್ನು ಹೋಲುತ್ತವೆ ಎಂಬ ಆಕ್ಷೇಪ ಕೂಡಲೇ ಎದ್ದಿತು. ಸೇನಾ ಪತ್ರಗಳ ರೂಪಕ್ಕೆ ಅವು ಹೊಂದುವುದಿಲ್ಲವೆಂಬ ಟೀಕೆಯೂ ಬಂದಿತು. ಮೂಲ ಪ್ರತಿಗಳು ಲಭ್ಯವಿರಲಿಲ್ಲ. ಅವುಗಳ ನೈಜತೆಯನ್ನು ರುಜುವಾತುಪಡಿಸಲು ಸಾಧ್ಯವಿಲ್ಲವೆಂದು ವಾಹಿನಿಯು ಸೆಪ್ಟೆಂಬರ್ 20ರಂದು ಒಪ್ಪಿಕೊಂಡಿತು. ಬರೆದವರು ಯಾರು, ಯಾವಾಗ ಬರೆದರು, ಮೂಲ ಎಲ್ಲಿದೆ ಎಂಬುದು ಖಚಿತವಾಗದಿದ್ದರೆ ಜ್ಞಾಪನವು ಸಾಕ್ಷ್ಯವಾಗಿ ನಿಲ್ಲುವುದಿಲ್ಲ ಎಂಬುದನ್ನು ಈ ಪ್ರಕರಣ ತೋರಿಸುತ್ತದೆ.