ಕಸಿ ಕಟ್ಟುವ ಚಾಕು: ಕೈಯಾರೆ ಮಾಡಿ ನೋಡಿ

ಮಳೆಗಾಲ ಬಂತೆಂದರೆ ಶ್ರೀನಿವಾಸಪುರದ ಕಡೆ ಮಾವಿನ ಕಸಿಗೆ ಕಾಲ ಬಂತೆಂದೇ ಲೆಕ್ಕ. ತೆಲುಗು ಬೆರೆತ ಮಾತಿನಲ್ಲಿ ಇದನ್ನೇ ‘ಅಂಟು’ ಕಟ್ಟುವುದು ಎನ್ನುತ್ತಾರೆ. ಬಾದಾಮಿಯ ಗೊರಟೆ ನೆಟ್ಟರೆ ಬಾದಾಮಿಯೇ ಬರುತ್ತದೆಂಬ ಭರವಸೆ ಇಲ್ಲ. ಆದ್ದರಿಂದ ನಾಟಿ ಗಿಡದ ಕಾಂಡವನ್ನು ಸೀಳಿ, ಒಳ್ಳೆಯ ಮರದ ಕುಡಿಯನ್ನು ಬೆಣೆಯಂತೆ ಕತ್ತರಿಸಿ ಅದರಲ್ಲಿ ಕೂರಿಸಬೇಕು. ಎರಡರ ತೊಗಟೆಯೊಳಗಿನ ಹಸಿರು ಪದರಗಳು ಒಂದಕ್ಕೊಂದು ತಾಗಿದರೆ ಮಾತ್ರ ಕಸಿ ಹಿಡಿಯುತ್ತದೆ. ಅಲಗು ಮೊಂಡಾಗಿದ್ದರೆ ಪದರ ಜಜ್ಜಿಹೋಗಿ ಕುಡಿ ಒಣಗುತ್ತದೆ. ಒಂದೇ ಎಳೆತಕ್ಕೆ ನುಣುಪಾಗಿ ಕತ್ತರಿಸುವ ಚಾಕು ಇಲ್ಲಿ ಅರ್ಧ ಕೆಲಸ ಮಾಡುತ್ತದೆ ಎಂದರೆ ತಪ್ಪಲ್ಲ.

ಇಂಥ ಚಾಕು ಅಂಗಡಿಯಲ್ಲಿ ಸಿಗುತ್ತದೆ, ನಿಜ. ಆದರೆ ಕೋಲಾರ, ಮಾಲೂರು, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಕುಲುಮೆಯ ಕೆಲಸ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರ ಬಳಿ ಕುಳಿತು, ಜೇಬಿಗೆ ಹಿಡಿಸುವ ಮಡಿಸುವ ಚಾಕುವೊಂದನ್ನು ಹೈಸ್ಕೂಲು ವಿದ್ಯಾರ್ಥಿಯೂ ಮಾಡಬಹುದು. ಪಠ್ಯಪುಸ್ತಕದ ಲೋಹ, ಮಿಶ್ರಲೋಹ, ಉಷ್ಣತೆ ಎಲ್ಲವೂ ಆಗ ಬೆರಳಿಗೆ ಅಂಟಿಕೊಳ್ಳುತ್ತವೆ.

ಮೊದಲು ರಟ್ಟಿನ ಚಾಕು

ಮೊದಲ ಸಲಕ್ಕೆ ಸ್ಪ್ರಿಂಗ್ ಇರುವ ಚಾಕು ಬೇಡ. ಅಲಗು, ಎರಡು ಹಲಗೆಯ ಹಿಡಿ, ಒಂದು ಹಿತ್ತಾಳೆ ಕಡ್ಡಿ ಇಷ್ಟೇ ಸಾಕು. ಅಲಗಿನ ಬುಡದಲ್ಲಿ ಪುಟ್ಟ ಬಾಲ ಬಿಡಬೇಕು. ಚಾಕು ಬಿಚ್ಚಿದಾಗ ಬಾಲ ಹಿಡಿಯ ಬೆನ್ನಿನ ಮೇಲೆ ಕೂರುತ್ತದೆ. ಕೈ ಅದನ್ನು ಒತ್ತಿ ಹಿಡಿದಿರುವುದರಿಂದ ಅಲಗು ಬೆರಳಿನ ಮೇಲೆ ಮಡಿಚಿಕೊಳ್ಳುವುದಿಲ್ಲ. ಜಪಾನಿನ ಮಿಕಿ ಊರಿನ ‘ಹಿಗೊನೊಕಾಮಿ’ ಚಾಕು ಇದೇ ಬಗೆಯದು.

ಮೊದಲು ರಟ್ಟಿನಲ್ಲಿ ಮಾಡಿ, ಗುಂಡುಸೂಜಿ ಚುಚ್ಚಿ ತಿರುಗಿಸಿ ನೋಡಿ. ಕೀಲಿನಿಂದ ಅಲಗಿನ ತುದಿಗೆ 7.5 ಸೆಂಟಿಮೀಟರ್ ಇದ್ದರೆ, ಕೀಲಿನಿಂದ ಹಿಡಿಯ ಕೊನೆಗೆ 9 ಸೆಂಟಿಮೀಟರ್ ಇರಲಿ. ಮಡಿಸಿದಾಗ ತುದಿ ಹೊರಗೆ ಇಣುಕಬಾರದು, ಬಾಯಿ ಹಿಡಿಯ ಒಳಬೆನ್ನಿಗೆ ತಾಗಬಾರದು. ರಟ್ಟಿನಲ್ಲಿ ತಪ್ಪಿದರೆ ನಷ್ಟವಿಲ್ಲ, ಉಕ್ಕಿನಲ್ಲಿ ತಪ್ಪಿದರೆ ಎರಡು ದಿನದ ಕೆಲಸ ಹೋಯಿತು.

ಉಕ್ಕಿನ ಗುಟ್ಟು

ಕಿಟಕಿ ಸರಳಿನ ಕಬ್ಬಿಣ ಇದಕ್ಕೆ ಆಗದು. ಅದರಲ್ಲಿ ಇಂಗಾಲ ಶೇಕಡಾ 0.2ರ ಆಸುಪಾಸು ಮಾತ್ರ, ಎಷ್ಟು ಕಾಯಿಸಿ ಅದ್ದಿದರೂ ಅಲಗಿಗೆ ಬೇಕಾದ ಗಡಸು ಬರುವುದಿಲ್ಲ. ಸವೆದು ಬಿಸಾಡಿದ ಅರದಲ್ಲಿ ಇಂಗಾಲ ಸುಮಾರು ಶೇಕಡಾ 1. ಅದನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಡಬೇಕು. ಮೆತ್ತಗಾದ ಅರವನ್ನು ಇನ್ನೊಂದು ಅರದಿಂದ ಉಜ್ಜಬಹುದು, ಹ್ಯಾಕ್ಸಾದಿಂದ ಕೊಯ್ಯಬಹುದು. ದಪ್ಪವನ್ನು 2 ಮಿಲಿಮೀಟರಿಗೆ ಇಳಿಸಿ, ಕೀಲಿನ ತೂತನ್ನೂ ಈಗಲೇ ಕೊರೆಯಿರಿ. ತೂತು ಓರೆಯಾದರೆ ಅಲಗು ಜನ್ಮಪೂರ್ತಿ ಓರೆಯಾಗಿಯೇ ಮಡಿಚುತ್ತದೆ!

ಮುಂದಿನದು ಹದ ಕೊಡುವ ಕೆಲಸ. ಇದು ಹಿರಿಯರ ಕೈಯಲ್ಲೇ ಆಗಲಿ, ನೀವು ನೋಡಿ ಕಲಿಯಿರಿ. ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ತುಸು ಹೆಚ್ಚು ಕಾದಾಗ, ಕೆಂಪು ಕಿತ್ತಳೆಗೆ ತಿರುಗುವ ಹೊತ್ತಿನಲ್ಲಿ, ಅಲಗನ್ನು ನೆಟ್ಟಗೆ ಬೆಚ್ಚಗಿನ ಎಣ್ಣೆಯಲ್ಲಿ ಅದ್ದಬೇಕು. ಕುಲುಮೆಯನ್ನು ನೆರಳಿನಲ್ಲಿ ಹೂಡುವುದು ಸುಮ್ಮನೆ ಅಲ್ಲ, ಬಿಸಿಲಿನಲ್ಲಿ ಈ ಬಣ್ಣ ಕಾಣುವುದಿಲ್ಲ.

ಅದ್ದಿ ತೆಗೆದ ಅಲಗು ಗಾಜಿನಂತೆ. ನೆಲಕ್ಕೆ ಬಿದ್ದರೆ ಮುರಿದೀತು. ಅದನ್ನು ಉಜ್ಜಿ ಹೊಳಪು ಮಾಡಿ, 200 ಡಿಗ್ರಿಯ ಓವನ್ನಿನಲ್ಲಿ ಒಂದು ಗಂಟೆ ಇಟ್ಟರೆ ಮೇಲ್ಮೈ ಒಣಹುಲ್ಲಿನ ಬಣ್ಣಕ್ಕೆ ಬರುತ್ತದೆ. ಗಡಸು ಉಳಿದು ಪೆಡಸು ಹೋಗುವ ಹದ ಅದೇ. ನೀಲಿಗೆ ತಿರುಗಿದರೆ ಸ್ಪ್ರಿಂಗಿಗೆ ಸರಿಯಾದೀತು, ಚಾಕುವಿನ ಬಾಯಿಗೆ ಮೆತ್ತಗಾಯಿತು.

ಈ ವಿದ್ಯೆ ನಮಗೆ ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್, ಇಲ್ಲಿನವರು ಮಣ್ಣಿನ ಮೂಸೆಯಲ್ಲಿ ಉಕ್ಕು ತಯಾರಿಸುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ಮೈಕೆಲ್ ಫ್ಯಾರಡೆ 1819ರಲ್ಲಿ ಪರೀಕ್ಷಿಸಿದ ‘ವೂಟ್ಸ್’ ಭಾರತದ ಉಕ್ಕು. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂತೆಂದು ಹಲವು ವಿದ್ವಾಂಸರು ಹೇಳುತ್ತಾರೆ.

ಹಿಡಿ, ಕೀಲು, ಸಾಣೆ

ಹಿಡಿಗೆ ಹುಣಸೆ ಅಥವಾ ಹಲಸಿನ ಒಣ ಹಲಗೆ ಚೆನ್ನ. ಎರಡು ಹಲಗೆಯ ನಡುವೆ ಬೆನ್ನಿನ ಕಡೆ, ಅಲಗಿಗಿಂತ ಕೂದಲೆಳೆಯಷ್ಟು ದಪ್ಪನೆಯ ಪಟ್ಟಿ ಇಡಬೇಕು. ಅಲಗಿನ ಎರಡೂ ಪಕ್ಕ ಎಣ್ಣೆ ಕಾಗದ, ಕಡ್ಡಿಯ ಎರಡು ತುದಿಗೂ ವಾಷರ್ ಇಟ್ಟು, ಪುಟ್ಟ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಡ್ಡಿಯ ತಲೆ ಅಗಲಿಸಿ. ಆಮೇಲೆ ಕಾಗದ ಎಳೆದರೆ ಅಲಗು ಬಿಗಿಯಾಗಿಯೂ ಸಲೀಸಾಗಿಯೂ ತಿರುಗುತ್ತದೆ. ಕೊನೆಗೆ ಸಾಣೆ. ಕಸಿಯ ಚಾಕುವಿಗೆ ಒಂದೇ ಮಗ್ಗುಲಿಗೆ ಇಳಿಜಾರು ಕೊಟ್ಟು ಇನ್ನೊಂದನ್ನು ಚಪ್ಪಟೆ ಬಿಡುವುದು ರೂಢಿ, ಕೊಯ್ತ ನೇರವಾಗಿ ಬರುತ್ತದೆ.

ತಂದೆ ತಾಯಂದಿರಿಗೆ

‘ಮಕ್ಕಳ ಕೈಗೆ ಚಾಕುವೇ?’ ಎಂಬ ನಿಮ್ಮ ಅಂಜಿಕೆ ಸಹಜ. ಜಪಾನಿನಲ್ಲಿ ಹಿಂದೆ ಶಾಲೆಯ ಮಕ್ಕಳು ಪೆನ್ಸಿಲ್ ಹೆರೆಯುತ್ತಿದ್ದುದು ಹಿಗೊನೊಕಾಮಿಯಿಂದ. 1960ರಲ್ಲಿ ರಾಜಕೀಯ ನಾಯಕರೊಬ್ಬರ ಕೊಲೆಯಾದ ಮೇಲೆ, ಮಕ್ಕಳಿಗೆ ಚಾಕು ಬೇಡವೆಂಬ ಚಳವಳಿ ಎದ್ದಿತು, ಅದು ಕಂಪಾಸು ಪೆಟ್ಟಿಗೆಯಿಂದ ಮರೆಯಾಯಿತು. ಎರಡು ಕಡೆಯ ವಾದದಲ್ಲೂ ಹುರುಳಿದೆ. ಆದ್ದರಿಂದ ಕೆಲವು ಕಟ್ಟುಪಾಡು ಇರಲಿ: ಚಾಕು ಶಾಲೆಗೆ, ಬಸ್ಸಿಗೆ, ಜಾತ್ರೆಗೆ ಹೋಗಕೂಡದು. ಕಣ್ಣಿಗೆ ಕನ್ನಡಕವಿಲ್ಲದೆ ಅರ ಹಿಡಿಯಕೂಡದು. ಸತು ಲೇಪಿಸಿದ ತಗಡನ್ನು ಕುಲುಮೆಗೆ ಹಾಕಕೂಡದು, ಅದರ ಹೊಗೆ ವಿಷ. ಎಣ್ಣೆ ಹೊತ್ತಿಕೊಂಡರೆ ಮುಚ್ಚಲು ತಗಡಿನ ಮುಚ್ಚಳ ಪಕ್ಕದಲ್ಲೇ ಇರಲಿ, ನೀರು ಎರಚಬಾರದು.

ಮೊದಲ ಚಾಕು ಅಂಗಡಿಯದರಷ್ಟು ಚೆಂದ ಬಾರದು. ಅಲಗು ತುಸು ಅಲುಗೀತು, ಹಿಡಿಯಲ್ಲಿ ಸಂದು ಕಂಡೀತು. ಆದರೆ ಅದೇ ಚಾಕುವಿನಿಂದ ಕಟ್ಟಿದ ಕಸಿ ಮೂರು ವಾರದ ಮೇಲೆ ತಾಮ್ರದ ಬಣ್ಣದ ಚಿಗುರು ಬಿಟ್ಟರೆ, ಆ ಹುಡುಗನಿಗೋ ಹುಡುಗಿಗೋ ಬೇರೆ ಅಂಕಪಟ್ಟಿ ಬೇಕಿಲ್ಲ. ನಾಲ್ಕೈದು ವರ್ಷ ಕಾದರೆ ಹಣ್ಣೂ ಸಿಗುತ್ತದೆ.