ಚಟನೂಗ: ನದಿಯತ್ತ ಮತ್ತೆ ಮುಖ ಮಾಡಿದ ನಗರ

ಅಮೆರಿಕದ ದಕ್ಷಿಣ ರಾಜ್ಯಗಳು ಕಳೆದ ಕೆಲವು ದಶಕಗಳಿಂದ ಉತ್ತರದ ಹಳೆಯ ಕೈಗಾರಿಕಾ ಊರುಗಳ ಜನರನ್ನು ತಮ್ಮತ್ತ ಸೆಳೆಯುತ್ತಿವೆ. ಚಳಿಯ ಕಾಟ ಕಡಿಮೆ, ತೆರಿಗೆ ಹಗುರ, ಮನೆಯ ಬೆಲೆ ಕೈಗೆಟುಕುವಂಥದು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಆದರೆ ಟೆನೆಸಿ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಜಾರ್ಜಿಯಾದ ಗಡಿಗೆ ಅಂಟಿಕೊಂಡಿರುವ ಚಟನೂಗ ನಗರದ ಬೆಳವಣಿಗೆಯನ್ನು ಇಷ್ಟರಿಂದಲೇ ಅರ್ಥಮಾಡಿಕೊಳ್ಳಲಾಗದು. ಇದೇ ಹವೆ, ಇದೇ ಬೆಟ್ಟಗಳು ಇದ್ದಾಗಲೇ ಈ ಊರು 1980ರ ದಶಕದಲ್ಲಿ ತನ್ನ ಜನಸಂಖ್ಯೆಯ ಸುಮಾರು ಹತ್ತನೇ ಒಂದು ಭಾಗವನ್ನು ಕಳೆದುಕೊಂಡಿತ್ತು. 2020ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ 1,81,099ಕ್ಕೆ ಏರಿತು. ಈ ಎರಡರ ನಡುವೆ ಬದಲಾದದ್ದು ನಿಸರ್ಗವಲ್ಲ, ನಗರವು ತನ್ನ ಗಾಳಿಯನ್ನೂ ನದಿಯನ್ನೂ ನಡೆಸಿಕೊಂಡ ರೀತಿ.

ಟೆನೆಸಿ ನದಿ ಇಲ್ಲಿ ಬೆಟ್ಟಗಳ ನಡುವೆ ಬಳುಕುತ್ತ ಸಾಗುತ್ತದೆ. ನೈಋತ್ಯಕ್ಕೆ ಲುಕ್‌ಔಟ್ ಬೆಟ್ಟ, ಪೂರ್ವಕ್ಕೆ ಮಿಷನರಿ ದಿಣ್ಣೆ, ವಾಯವ್ಯಕ್ಕೆ ಸಿಗ್ನಲ್ ಬೆಟ್ಟ. ನೋಡಲು ರಮ್ಯವಾದ ಈ ಕಣಿವೆಯೇ ಒಂದು ಕಾಲಕ್ಕೆ ಊರಿಗೆ ಶಾಪವಾಗಿತ್ತು. ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿಯ ಪದರ ಕುಳಿತುಕೊಳ್ಳುವುದನ್ನು ಉಷ್ಣತಾ ವಿಪರ್ಯಯ ಎನ್ನುತ್ತಾರೆ. ಹಾಗಾದಾಗ ಕಬ್ಬಿಣದ ಎರಕದ ಕಾರ್ಖಾನೆಗಳ ಹೊಗೆ ಮೇಲೇರಲಾರದೆ, ಪಾತ್ರೆಗೆ ಮುಚ್ಚಳ ಹಾಕಿದಂತೆ, ಕಣಿವೆಯಲ್ಲೇ ಉಳಿಯುತ್ತಿತ್ತು. 1969ರಲ್ಲಿ ವಾರ್ತಾವಾಚಕ ವಾಲ್ಟರ್ ಕ್ರಾಂಕೈಟ್ ಇದನ್ನು ದೇಶದಲ್ಲೇ ಅತ್ಯಂತ ಕೊಳಕು ಗಾಳಿಯ ನಗರವೆಂದು ಟೆಲಿವಿಷನ್ನಿನಲ್ಲಿ ಸಾರಿದ ಮೇಲೆ ಆದ ಅವಮಾನ ಸಣ್ಣದಲ್ಲ. ಅದೇ ವರ್ಷ ಬಿಗಿಯಾದ ಸ್ಥಳೀಯ ನಿಯಮಗಳು ಬಂದವು, 1989ರ ವೇಳೆಗೆ ನಗರವು ಕೇಂದ್ರ ಸರ್ಕಾರದ ವಾಯು ಮಾನದಂಡಗಳನ್ನು ಮುಟ್ಟಿತು. ಈ ಸಾಧನೆಯನ್ನು ಕೊಂಡಾಡುವಾಗ ಮರೆಯಬಾರದ ಸಂಗತಿಯೊಂದಿದೆ: ಗಾಳಿ ತಿಳಿಯಾಗಲು ಕಾನೂನು ಕಾರಣವಾದಂತೆ, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಮುಚ್ಚಿದ್ದೂ ಕಾರಣ, ಮತ್ತು ಅವುಗಳೊಂದಿಗೆ ಕೂಲಿಕಾರರ ಅನ್ನವೂ ಹೋಯಿತು.

ಕೆಲಸವೂ ಜನರೂ ಕರಗುತ್ತಿದ್ದ ಆ ಹೊತ್ತಿನಲ್ಲಿ, 1984ರಲ್ಲಿ, ‘ವಿಷನ್ 2000’ ಎಂಬ ಹೆಸರಿನಲ್ಲಿ ಸಾರ್ವಜನಿಕ ಸಭೆಗಳು ನಡೆದು, ಊರು ಹೇಗಿರಬೇಕೆಂದು ಸಾಮಾನ್ಯ ನಾಗರಿಕರನ್ನೇ ಕೇಳಲಾಯಿತು. ಕಾರ್ಖಾನೆ, ಗೋದಾಮುಗಳಿಗೆ ಬಿಟ್ಟುಕೊಟ್ಟಿದ್ದ ನದಿದಂಡೆಯನ್ನು ಮರಳಿ ಪಡೆಯುವುದು ಆ ಕಾಲದ ಯೋಜನೆಗಳ ತಿರುಳಾಗಿತ್ತು. 1992ರಲ್ಲಿ ತೆರೆದ ಟೆನೆಸಿ ಅಕ್ವೇರಿಯಂ ಇದರ ಮೊದಲ ದೊಡ್ಡ ಫಲ. ಮೊದಲು ಕಟ್ಟಿದ ಭವನವು ಕಡಲಿಗಿಂತ ಹೊಳೆಯ ಜೀವಿಗಳಿಗೆ, ಬೆಟ್ಟದ ತೊರೆಯಿಂದ ಸಮುದ್ರದವರೆಗಿನ ನೀರಿನ ಪಯಣಕ್ಕೆ ಮೀಸಲು. ಇದಕ್ಕೆ ಬೆಂಬಲವಾಗಿ ನಿಂತ ಖಾಸಗಿ ಸಂಪತ್ತಿನ ಒಂದು ಮೂಲವನ್ನು ಹುಡುಕಿದರೆ 1899ಕ್ಕೆ ಹೋಗಬೇಕು: ಈ ಊರಿನ ಇಬ್ಬರು ವಕೀಲರು ಕೋಕ-ಕೋಲಾವನ್ನು ಬಾಟಲಿಗೆ ತುಂಬಿ ಮಾರುವ ಹಕ್ಕನ್ನು ಕೇವಲ ಒಂದು ಡಾಲರಿಗೆ ಪಡೆದು ಆರಂಭಿಸಿದ ವ್ಯವಹಾರ ಮುಂದೆ ಇಲ್ಲಿ ಶ್ರೀಮಂತ ಮನೆತನಗಳನ್ನೇ ಬೆಳೆಸಿತು.

ಟಿಕೆಟ್ಟಿನ ಆಕರ್ಷಣೆಗಳಿಗೆ ಇಲ್ಲಿ ಕೊರತೆಯಿಲ್ಲ. 1895ರಿಂದ ಲುಕ್‌ಔಟ್ ಬೆಟ್ಟದ ಕಡಿದಾದ ಮೈಯನ್ನು ಹಗ್ಗದ ಬಲದಿಂದ ಏರುವ ಇನ್‌ಕ್ಲೈನ್ ರೈಲು, ಬೆಟ್ಟದೊಳಗಿನ ರೂಬಿ ಜಲಪಾತ, 1863ರ ಅಂತರ್ಯುದ್ಧದ ಕದನಭೂಮಿಗಳು ಪ್ರವಾಸಿಗರನ್ನು ಕರೆಯುತ್ತಲೇ ಇವೆ. ಆದರೆ ಊರಿನ ಬದುಕನ್ನು ಅರಿಯಬೇಕಾದವರು ಹೋಗಬೇಕಾದದ್ದು ಟಿಕೆಟ್ಟಿಲ್ಲದ ವಾಲ್ನಟ್ ಸ್ಟ್ರೀಟ್ ಸೇತುವೆಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದ ಹೊಸ್ತಿಲಲ್ಲಿ ಕಟ್ಟಿದ, 2,376 ಅಡಿ ಉದ್ದದ ಈ ಉಕ್ಕಿನ ಸೇತುವೆಯನ್ನು 1978ರಲ್ಲಿ ಅಪಾಯಕಾರಿಯೆಂದು ವಾಹನಗಳಿಗೆ ಮುಚ್ಚಲಾಯಿತು. ಕೆಡವಿಹಾಕುವ ಮಾತನ್ನು ನಾಗರಿಕರು ವಿರೋಧಿಸಿ, ಹಣ ಕೂಡಿಸಿ, ದುರಸ್ತಿ ಮಾಡಿಸಿದ ಬಳಿಕ 1993ರಲ್ಲಿ ಅದು ನಡೆಯುವವರಿಗಾಗಿ ತೆರೆಯಿತು. ಓಡುವವರು, ತಳ್ಳುಗಾಡಿಯಲ್ಲಿ ಮಕ್ಕಳನ್ನು ಕರೆತರುವವರು, ಸುಮ್ಮನೆ ಗಾಳಿಗೆ ಬಂದವರು, ಎಲ್ಲರಿಗೂ ಅದು ಹಲಗೆ ಹಾಸಿದ ಬೀದಿ.

ಇದೇ ಸೇತುವೆಯ ಮೇಲೆ 1906ರ ಮಾರ್ಚಿನಲ್ಲಿ ಎಡ್ ಜಾನ್ಸನ್ ಎಂಬ ಕಪ್ಪು ಯುವಕನನ್ನು, ದೇಶದ ಸುಪ್ರೀಂ ಕೋರ್ಟು ಅವನ ಮರಣದಂಡನೆಗೆ ತಡೆ ನೀಡಿದ್ದರೂ, ಬಿಳಿಯರ ಗುಂಪು ಸೆರೆಮನೆಯಿಂದ ಎಳೆದುತಂದು ಗಲ್ಲಿಗೇರಿಸಿತು. ತನ್ನ ಆಜ್ಞೆಯನ್ನು ಕಡೆಗಣಿಸಿದ್ದಕ್ಕಾಗಿ ಸುಪ್ರೀಂ ಕೋರ್ಟು ತಾನೇ ಶೆರಿಫ್‌ನನ್ನು, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥನನ್ನು, ವಿಚಾರಣೆಗೆ ಗುರಿಪಡಿಸಿತು. ಆ ನ್ಯಾಯಾಲಯ ಸ್ವತಃ ನಡೆಸಿದ ಏಕೈಕ ಕ್ರಿಮಿನಲ್ ವಿಚಾರಣೆ ಅದು. ಜಾನ್ಸನ್ ಮೇಲಿನ ತೀರ್ಪು 2000ದಲ್ಲಿ ರದ್ದಾಯಿತು, ಸೇತುವೆಯ ದಕ್ಷಿಣ ತುದಿಯಲ್ಲಿ ಅವನ ಸ್ಮಾರಕ 2021ರಲ್ಲಿ ಬಂತು. ಅಕ್ವೇರಿಯಂನ ಪಕ್ಕದ ರಾಸ್ ಲ್ಯಾಂಡಿಂಗ್ ಎಂಬ ದಡದಿಂದಲೇ 1838ರಲ್ಲಿ ಚೆರೋಕಿ ಜನರನ್ನು ಅವರ ನೆಲದಿಂದ ಬಲವಂತವಾಗಿ ಹೊರದೂಡಲಾಗಿತ್ತು. ವಿಹಾರದ ಜಾಗಗಳಲ್ಲೇ ಇವುಗಳ ಗುರುತನ್ನು ನಿಲ್ಲಿಸಿರುವುದು ಪ್ರವಾಸೋದ್ಯಮದ ಜಾಣತನಕ್ಕಿಂತ ಹೆಚ್ಚಿನ ಮರ್ಯಾದೆಗೆ ಅರ್ಹವಾದ ಕೆಲಸ.

ಹೊಸ ತಲೆಮಾರನ್ನು ಕರೆತಂದದ್ದು ಇನ್ನೊಂದು ಸಾರ್ವಜನಿಕ ಆಸ್ತಿ. ನಗರದ ಒಡೆತನದ ವಿದ್ಯುತ್ ಸಂಸ್ಥೆ ಇಪಿಬಿ, ತಂತಿ ಕಡಿದಾಗ ತಾನಾಗಿಯೇ ಬೇರೆ ದಾರಿಯಿಂದ ವಿದ್ಯುತ್ ಹರಿಸಬಲ್ಲ ‘ಸ್ಮಾರ್ಟ್ ಗ್ರಿಡ್’ ಜಾಲಕ್ಕಾಗಿ ಗಾಜಿನ ಎಳೆಯ ಕೇಬಲ್ಲುಗಳನ್ನು ಎಳೆದು, ಅದರ ಮೂಲಕವೇ 2010ರಲ್ಲಿ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಇಂಟರ್ನೆಟ್ಟನ್ನು ತನ್ನ ವ್ಯಾಪ್ತಿಯ ಎಲ್ಲ ಮನೆಗಳಿಗೂ ಒದಗಿಸಲು ಮುಂದಾಯಿತು. ಅಂದಿಗೆ ಅಮೆರಿಕದ ದೊಡ್ಡ ಕಂಪನಿಗಳೂ ಇಷ್ಟು ವ್ಯಾಪಕವಾಗಿ ಇದನ್ನು ಮಾಡಿರಲಿಲ್ಲ. 2020ರ ಸೋಂಕಿನ ಕಾಲದಲ್ಲಿ ಬಡ ಕುಟುಂಬಗಳ ವಿದ್ಯಾರ್ಥಿಗಳಿಗೆ ಇದೇ ಜಾಲದಿಂದ ಉಚಿತ ಸಂಪರ್ಕ ಸಿಕ್ಕಿತು. ಕಾರ್ಖಾನೆಯ ಕೆಲಸವೂ ಮರಳಿತು: 2011ರಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಅಲ್ಲಿನ ಕಾರ್ಮಿಕರು 2024ರ ಏಪ್ರಿಲ್‌ನಲ್ಲಿ, ಎರಡು ಬಾರಿ ಸೋತ ಮೇಲೆ, ಭಾರಿ ಬಹುಮತದಿಂದ ಸಂಘಟನೆಗೆ ಸೇರಲು ಮತ ಹಾಕಿದ್ದು, ಕಾರ್ಮಿಕ ಸಂಘಗಳೆಂದರೆ ಮುಖ ತಿರುಗಿಸುವ ದಕ್ಷಿಣದಲ್ಲಿ ಅಪರೂಪದ ಘಟನೆ.

ಸಂಚಾರದ ವಿಷಯದಲ್ಲಿ ಮಾತ್ರ ನಗರ ಹಿಂದೆ ಬಿದ್ದಿದೆ. ನಗರಕೇಂದ್ರದಲ್ಲಿ 1992ರಿಂದ ಉಚಿತ ವಿದ್ಯುತ್ ಬಸ್ಸುಗಳು ಓಡಿದರೂ, ಬಾಡಿಗೆ ಏರಿದಂತೆ ಕೇಂದ್ರದಿಂದ ದೂರ ಸರಿದ ಕುಟುಂಬಗಳಿಗೆ ಕಾರಿಲ್ಲದೆ ಗತ್ಯಂತರವಿಲ್ಲ. 1941ರ ಹಾಡೊಂದರಿಂದ ಊರಿನ ರೈಲಿನ ಹೆಸರು ಜಗತ್ತಿಗೆಲ್ಲ ಪರಿಚಿತವಾಗಿದ್ದರೂ, ಅರ್ಧ ಶತಮಾನದಿಂದ ಬೇರೆ ಊರುಗಳಿಗೆ ಪ್ರಯಾಣಿಕರ ರೈಲೇ ಇಲ್ಲ; ಹಳೆಯ ಟರ್ಮಿನಲ್ ನಿಲ್ದಾಣ ಹೋಟೆಲಾಗಿ ಬದಲಾಗಿ ಎಷ್ಟೋ ಕಾಲವಾಯಿತು. ಅಟ್ಲಾಂಟಾ, ನ್ಯಾಶ್‌ವಿಲ್, ಮೆಂಫಿಸ್‌ಗಳನ್ನು ಚಟನೂಗದ ಮೂಲಕ ಜೋಡಿಸುವ ಮಾರ್ಗದ ಯೋಜನೆ ರೂಪಿಸಲು ಕೇಂದ್ರದ ರೈಲ್ವೆ ಇಲಾಖೆ 2023ರ ಡಿಸೆಂಬರಿನಲ್ಲಿ ಅನುದಾನ ನೀಡಿತು. ಹಳಿಯ ಮೇಲೆ ಗಾಡಿ ಬರುವವರೆಗೆ ಅಟ್ಲಾಂಟಾಕ್ಕೆ ಹೊರಟವರಿಗೆ ಹೆದ್ದಾರಿಯೇ ಗತಿ.